ಯೀಸ್ಟಿಗೆ ಜೀವವುಂಟೇ?

ಬೆಚ್ಚಗಿನ ನೀರಿನಲ್ಲಿ ಯೀಸ್ಟ್ ನೊರೆಯೇಳುತ್ತದೆ. ಕುದಿಯುವ ನೀರಿಗೆ ಹಾಕಿದರೆ ಹಿಟ್ಟು ಉಬ್ಬುವುದೇ ಇಲ್ಲ. ಬ್ರೆಡ್ ಮಾಡುವವರೆಲ್ಲ ಬಲ್ಲ ಈ ಸಂಗತಿಯ ಹಿಂದೆ ಹತ್ತೊಂಬತ್ತನೆಯ ಶತಮಾನದ ಯೂರೋಪಿನ ದೊಡ್ಡದೊಂದು ವಾಗ್ವಾದವಿದೆ. ಯೀಸ್ಟ್ ಜೀವಿಯೋ, ಬರಿಯ ರಾಸಾಯನಿಕ ವಸ್ತುವೋ ಎಂಬುದೇ ಆ ವಾದ.

1837ರಲ್ಲಿ ಬರ್ಲಿನ್ನಿನಲ್ಲಿದ್ದ ಥಿಯೊಡೋರ್ ಶ್ವಾನ್ ಸಕ್ಕರೆಯ ದ್ರಾವಣಕ್ಕೆ ಯೀಸ್ಟ್ ಬೆರೆಸಿ ಕುದಿಸಿದನು. (ಜೀವಕೋಶ ಸಿದ್ಧಾಂತದ ಪಾಠದಲ್ಲಿ ಈ ಹೆಸರು ಬಂದೊಡನೆ ಹಿಂದಿನ ಬೆಂಚಿನಿಂದ ಬೊಗಳುವ ಸದ್ದು ಬರುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು!) ದ್ರಾವಣ ಆರಿದ ಮೇಲೆ ಕೆಲವು ಸೀಸೆಗಳೊಳಕ್ಕೆ ಸಾಮಾನ್ಯ ಗಾಳಿಯನ್ನೂ ಉಳಿದವಕ್ಕೆ ಚೆನ್ನಾಗಿ ಕಾಯಿಸಿದ ಗಾಳಿಯನ್ನೂ ಬಿಟ್ಟನು. ಮೊದಲಿನವುಗಳಲ್ಲಿ ಕೆಲವು ವಾರಗಳ ಬಳಿಕ ಹುದುಗು ಬಂದಿತು. ಉಳಿದವು ಹಾಗೆಯೇ ಇದ್ದವು. ಸೂಕ್ಷ್ಮದರ್ಶಕದಡಿ ಯೀಸ್ಟ್ ಮೊಗ್ಗೊಡೆದು ಬೆಳೆಯುವುದನ್ನೂ ಆತ ಕಂಡಿದ್ದನು. ಇದೊಂದು ಶಿಲೀಂಧ್ರ, ಶಾಖ ಕೊಂದದ್ದು ಅದರ ಜೀವವನ್ನೇ ಎಂದು ತೀರ್ಮಾನಿಸಿದನು. ಅದೇ ಸುಮಾರಿಗೆ ಫ್ರಾನ್ಸಿನ ಕಾನ್ಯಾರ್-ಲಾತೂರ್ ಕೂಡ ಯೀಸ್ಟ್ ಸಜೀವವೆಂದು ಸಾರಿ, ಅತಿಯಾದ ಚಳಿಯಲ್ಲೂ ಅದು ಸಾಯದೆಂದು ತೋರಿಸಿದ್ದನು.

ರಸಾಯನಶಾಸ್ತ್ರದ ಘಟಾನುಘಟಿಗಳಿಗೆ ಇದು ರುಚಿಸಲಿಲ್ಲ. 1839ರಲ್ಲಿ ಲೀಬಿಗನ ಪತ್ರಿಕೆಯಲ್ಲಿ ಹೆಸರಿಲ್ಲದ ವಿಡಂಬನೆಯೊಂದು ಅಚ್ಚಾಯಿತು: ಬಟ್ಟಿ ಪಾತ್ರೆಯಾಕಾರದ ಪುಟ್ಟ ಪ್ರಾಣಿಗಳು ಸಕ್ಕರೆ ತಿಂದು ಮದ್ಯಸಾರವನ್ನು ವಿಸರ್ಜಿಸುತ್ತವೆಯಂತೆ! ವಿದ್ವಾಂಸರ ಪರಿಹಾಸವು ಪ್ರಯೋಗಕ್ಕೆ ಉತ್ತರವಾಗಲಾರದು. ಆದರೂ ಶ್ವಾನನ ಮಾತು ಬಹುಕಾಲ ಬದಿಗೆ ಸರಿಯಿತು. 1857ರಿಂದಾಚೆಗೆ ಲೂಯಿ ಪಾಶ್ಚರನ ಪ್ರಯೋಗಗಳು ಅದಕ್ಕೆ ಮತ್ತೆ ಬಲ ತಂದವು. ವೈನ್ ಕೆಡದಂತೆ ಕಾಯಿಸುವ ವಿಧಾನಕ್ಕೆ ಆತ 1865ರಲ್ಲಿ ಪೇಟೆಂಟ್ ಪಡೆದನು.

ಕಥೆಯ ಸೊಗಸಾದ ತಿರುವು ಇನ್ನೂ ಮುಂದಿದೆ. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನೊಡನೆ ಅರೆದು, ಹಿಂಡಿ, ಜೀವಕೋಶವಿಲ್ಲದ ರಸವನ್ನು ತೆಗೆದನು. ಆ ರಸವೂ ಸಕ್ಕರೆಯನ್ನು ಹುದುಗಿಸಿತು! ಕಾಯಿಸಿದರೆ ಅದೂ ಶಕ್ತಿಗುಂದುತ್ತಿತ್ತು. ಅಂದರೆ ಶಾಖಕ್ಕೆ ಸೋಲುವುದೆಲ್ಲ ಜೀವಿಯೆಂದಾಗಲಿಲ್ಲ. ಕೋಶದೊಳಗಿನ ಪ್ರೋಟೀನುಗಳು ಬಿಸಿಗೆ, ಬೆಂದ ಮೊಟ್ಟೆಯ ಬಿಳಿಯಂತೆ, ತಮ್ಮ ರೂಪಗೆಡುತ್ತವೆ. ಯೀಸ್ಟಿನ ಸಾವಿಗೂ ಅದು ಮುಖ್ಯ ಕಾರಣವೇ. ನನ್ನ ಎಣಿಕೆಯಲ್ಲಿ ಶ್ವಾನನ ತೀರ್ಮಾನ ಸರಿ. ಲೀಬಿಗನ ಹಟದಲ್ಲೂ ಅರ್ಧ ಸತ್ಯವಿತ್ತು.

ಆ ರಸದಲ್ಲಿದ್ದುದು ಎನ್‌ಜೈಮ್. ಗ್ರೀಕ್ ಮೂಲದ ಈ ಪದಕ್ಕೆ 'ಯೀಸ್ಟಿನಲ್ಲಿರುವುದು' ಎಂದರ್ಥ. ನಾವು ಪಾಠದಲ್ಲಿ ಹೇಳುತ್ತಿದ್ದ 'ಕಿಣ್ವ' ಶಬ್ದವೂ ಸಂಸ್ಕೃತದಲ್ಲಿ ಮದ್ಯಕ್ಕೆ ಹುದುಗು ತರಿಸುವ ವಸ್ತುವಿನ ಹೆಸರೇ.