ಸಂಪಿಗೆ ರಸ್ತೆಗೆ ಬಂದ ಷರೀಫ ಸಾಹೇಬರು

ಶಿಶುನಾಳ ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಒಂದು ಹಳ್ಳಿ. 1819ರಲ್ಲಿ ಅಲ್ಲಿ ಇಮಾಮ್ ಸಾಹೇಬ್ ಮತ್ತು ಹಜ್ಜೂಮಾ ದಂಪತಿಗೆ ಹುಟ್ಟಿದ ಮಹಮ್ಮದ್ ಷರೀಫರು ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದರು, ಕಳಸದ ಗೋವಿಂದ ಭಟ್ಟರನ್ನು ಗುರುವೆಂದು ಒಪ್ಪಿಕೊಂಡರು, ಊರೂರು ತಿರುಗಿ ಪದ ಕಟ್ಟಿ ಹಾಡಿದರು, 1889ರಲ್ಲಿ ಕಣ್ಮುಚ್ಚಿದರು. ಆಗ ಬೆಂಗಳೂರಿನ ಮಲ್ಲೇಶ್ವರ ಇನ್ನೂ ಬಡಾವಣೆಯಾಗಿರಲಿಲ್ಲ. 1898ರ ಪ್ಲೇಗಿಗೆ ಹೆದರಿ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಕುಟುಂಬಗಳು ಅಲ್ಲಿ ನೆಲೆಸಿದ ಮೇಲೆ ಊರು ಬೆಳೆಯಿತು, ಅದರ ನಡುವೆ ಸಂಪಿಗೆ ರಸ್ತೆ ಹರಡಿಕೊಂಡಿತು.

ಶಿಶುನಾಳದಿಂದ ಸಂಪಿಗೆ ರಸ್ತೆಗೆ 350 ಕಿಲೋಮೀಟರಿಗೂ ಹೆಚ್ಚು ದೂರ. ಷರೀಫ ಸಾಹೇಬರ ಪದಗಳು ಆ ದೂರವನ್ನು ಕ್ರಮಿಸಲು ಸುಮಾರು ನೂರು ವರ್ಷ ತೆಗೆದುಕೊಂಡವು. ಎಂಬತ್ತರ ದಶಕದಲ್ಲಿ ಎಂಟನೇ ಅಡ್ಡರಸ್ತೆಯ ಹೂವಿನ ಸಾಲಿನ ಆಸುಪಾಸಿನಲ್ಲಿ, ಕ್ಯಾಸೆಟ್ ಅಂಗಡಿಗಳ ಮುಂದೆ, ರಾಜ್ಯೋತ್ಸವದ ಪೆಂಡಾಲುಗಳಲ್ಲಿ ಅವು ಕೇಳಿಬರತೊಡಗಿದವು. ಸೋರುವ ಮಾಳಿಗೆಯ ಹಾಡು, ಕೋಳಿಯೊಂದು ಕೋತಿಯನ್ನೇ ನುಂಗಿದ ಹಾಡು ಮಕ್ಕಳ ಬಾಯಲ್ಲೂ ಕುಣಿದವು. ಈ ಪ್ರಯಾಣ ಹೇಗೆ ನಡೆಯಿತು? ದಾರಿಯಲ್ಲಿ ಪದಕ್ಕೆ ಏನಾಯಿತು? ಪದದ ಜೊತೆಗೆ ಹೊರಟವರಲ್ಲಿ ಯಾರು ಊರು ಮುಟ್ಟಿದರು, ಯಾರು ಹಿಂದೆಯೇ ಉಳಿದರು? ಈ ಪ್ರಶ್ನೆಗಳನ್ನು ಕೇಳಿಕೊಳ್ಳದೆ ನಮ್ಮ ಜನಪದ ಸಂಗೀತದ ಮರುಹುಟ್ಟಿನ ಇತಿಹಾಸ ಪೂರ್ಣವಾಗದು.

ಅದೇ ಕಾಲ, ಎರಡು ದೇಶ

ಹಳ್ಳಿಯ ಹಾಡನ್ನು ಪಟ್ಟಣ ಹುಡುಕಿಕೊಂಡು ಹೋದದ್ದು ನಮ್ಮಲ್ಲಿ ಮಾತ್ರ ನಡೆದ ಸಂಗತಿಯಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರ ಸುತ್ತ ಸೇರಿದ ಗೆಳೆಯರ ಬಳಗ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ತ್ರಿಪದಿಗಳನ್ನು ಬರೆದುಕೊಂಡಿತು. 1931ರಲ್ಲಿ 'ಗರತಿಯ ಹಾಡು', 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಹೊರಬಂದವು. ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಅವರ ಜೊತೆಗೆ ಆ ಬಳಗದಲ್ಲಿ ಧೂಲಾಸಾಹೇಬರೂ ಇದ್ದರು ಎಂಬುದನ್ನು ನಾವು ನೆನಪಿಡಬೇಕು. ಕನ್ನಡ ಜನಪದ ಸಾಹಿತ್ಯದ ಮೊದಲ ದೊಡ್ಡ ಸಂಗ್ರಹದ ಕೆಲಸದಲ್ಲಿಯೇ ಒಬ್ಬ ಮುಸಲ್ಮಾನನ ಬೆವರೂ ಸೇರಿದೆ.

ಸರಿಯಾಗಿ ಅದೇ ಕಾಲಕ್ಕೆ, 1933ರಲ್ಲಿ, ಅಮೆರಿಕದಲ್ಲಿ ಜಾನ್ ಲೋಮ್ಯಾಕ್ಸ್ ಮತ್ತು ಅವರ ಮಗ ಅಲನ್ ಲೋಮ್ಯಾಕ್ಸ್ ಧ್ವನಿಮುದ್ರಣ ಯಂತ್ರವನ್ನು ಕಾರಿಗೆ ಹೇರಿಕೊಂಡು ದಕ್ಷಿಣದ ರಾಜ್ಯಗಳಲ್ಲಿ ಅಲೆಯುತ್ತಿದ್ದರು. ಲೂಸಿಯಾನಾದ ಅಂಗೋಲಾ ಸೆರೆಮನೆಯಲ್ಲಿ ಅವರಿಗೆ ಹಡ್ಡಿ ಲೆಡ್‌ಬೆಟರ್ ಎಂಬ ಕಪ್ಪು ಕೈದಿ ಸಿಕ್ಕಿದ. ಹನ್ನೆರಡು ತಂತಿಯ ಗಿಟಾರ್ ಹಿಡಿದು ಹಾಡುತ್ತಿದ್ದ ಅವನನ್ನು ಲೋಕ 'ಲೆಡ್‌ಬೆಲಿ' ಎಂದು ಕರೆಯಿತು. ಬಿಡುಗಡೆಯಾದ ಮೇಲೆ ಆತ ನ್ಯೂಯಾರ್ಕಿನ ವಿದ್ಯಾವಂತರ ಮುಂದೆ ಹಾಡಿದ, ಹೊಗಳಿಸಿಕೊಂಡ, ಬಡವನಾಗಿಯೇ ಉಳಿದ. 1949ರ ಡಿಸೆಂಬರಿನಲ್ಲಿ ತೀರಿಕೊಂಡ. ಮರುವರ್ಷ, 1950ರಲ್ಲಿ, 'ದಿ ವೀವರ್ಸ್' ಎಂಬ ನಾಲ್ವರು ಬಿಳಿಯರ ತಂಡ ಅವನ 'ಗುಡ್‌ನೈಟ್ ಐರೀನ್' ಹಾಡನ್ನು ವಾದ್ಯಮೇಳದೊಂದಿಗೆ ಹಾಡಿತು. ವಾರಗಟ್ಟಲೆ ಅದೇ ದೇಶದ ಮೊದಲ ನಂಬರಿನ ಹಾಡಾಗಿತ್ತು. ಅಲ್ಲಿಯ ಜನಪದ ಸಂಗೀತದ ಮರುಹುಟ್ಟಿನ ಯುಗ ಹೀಗೆ, ಹಾಡಿದವನು ಮಣ್ಣಾದ ಕೆಲವೇ ತಿಂಗಳಲ್ಲಿ, ಮಾರುಕಟ್ಟೆಗೆ ಕಾಲಿಟ್ಟಿತು.

ಆಮೇಲಿನ ಕಥೆ ಬೇಗ ಸಾಗುತ್ತದೆ. 1958ರಲ್ಲಿ 'ಕಿಂಗ್‌ಸ್ಟನ್ ಟ್ರಿಯೊ' ತಂಡ ಉತ್ತರ ಕೆರೊಲಿನಾದ ಬೆಟ್ಟಸೀಮೆಯ ಒಂದು ಕೊಲೆಯ ಲಾವಣಿಯನ್ನು ಕಾಲೇಜು ಹುಡುಗರ ಹಾಡಾಗಿಸಿತು. 1959ರಲ್ಲಿ ನ್ಯೂಪೋರ್ಟಿನಲ್ಲಿ ಜನಪದ ಸಂಗೀತದ ಉತ್ಸವ ಆರಂಭವಾಯಿತು. 1965ರಲ್ಲಿ ಅದೇ ವೇದಿಕೆಯ ಮೇಲೆ ಬಾಬ್ ಡಿಲನ್ ವಿದ್ಯುತ್ ಗಿಟಾರ್ ನುಡಿಸಿದಾಗ ಸಭಿಕರಲ್ಲಿ ಕೆಲವರು ಕೂಗಿ ಪ್ರತಿಭಟಿಸಿದರು. ಮೂವತ್ತೆರಡು ವರ್ಷಗಳಲ್ಲಿ ಹಾಡು ಸೆರೆಮನೆಯಿಂದ ಉತ್ಸವದ ವೇದಿಕೆಯವರೆಗೆ ನಡೆದಿತ್ತು.

ತಟ್ಟೆಯಿಂದ ಸುರುಳಿಗೆ

ನಮ್ಮಲ್ಲಿ ಈ ನಡಿಗೆ ನಿಧಾನವಾಗಿತ್ತು. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಹಚ್ಚಿದ 'ಆಕಾಶವಾಣಿ' 1955ರಲ್ಲಿ ಬೆಂಗಳೂರಿಗೆ ಬಂತು. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿ ಸೋದರಿಯರ ಜೊತೆಗೂಡಿ ಕುಣಿಗಲ್ ಕೆರೆಯ ಜನಪದ ಗೀತೆಯನ್ನು ನಾಡಿಗೆಲ್ಲ ಕೇಳಿಸಿದರು. ಹಾಸನ ಸೀಮೆಯ ಎಸ್.ಕೆ. ಕರೀಂಖಾನರು ಹಳ್ಳಿಗಳನ್ನು ಸುತ್ತಿ ಹಾಡುಗಳನ್ನು ಎದೆಯಲ್ಲಿ ತುಂಬಿಕೊಂಡು ಬಂದು ಬೆಂಗಳೂರಿನಲ್ಲಿ ಹಾಡಿ ತೋರಿಸಿದರು. 1962ರ 'ಸ್ವರ್ಣಗೌರಿ' ಚಿತ್ರಕ್ಕೆ ಶಿವಸ್ತುತಿಯನ್ನು ಬರೆದುಕೊಟ್ಟವರೂ ಅವರೇ. 'ಜಾನಪದ ಜಂಗಮ' ಎಂದು ಜನ ಕರೆದ ಆ ಹಿರಿಯರು 2006ರಲ್ಲಿ ತೀರಿಕೊಂಡರು.

ದೊಡ್ಡ ತಿರುವು ತಂದದ್ದು ಕ್ಯಾಸೆಟ್. 1978ರಲ್ಲಿ ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಅದನ್ನು ಗುರುತಿಸುತ್ತಾರೆ. ಕೊಳ್ಳುವವರಿದ್ದಾರೆ ಎಂದು ಗೊತ್ತಾದ ಮೇಲೆ ಹೊಸ ಹಾಡುಗಳ ಹುಡುಕಾಟ ಶುರುವಾಯಿತು. ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಿದ್ದ ಸಿ. ಅಶ್ವಥ್, 1977ರ 'ಕಾಕನಕೋಟೆ' ಚಿತ್ರಕ್ಕೆ ಸಂಗೀತ ಕೊಟ್ಟು ಹೆಸರಾಗಿದ್ದರು. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಷರೀಫರ ಪದಗಳನ್ನು ಆರಿಸಿ ಬಿಡಿಸಿ ಹೇಳಿದರು. ಅಶ್ವಥ್ ರಾಗ ಹಾಕಿದರು. ಶಿವಮೊಗ್ಗ ಸುಬ್ಬಣ್ಣನವರೂ ದನಿಗೂಡಿಸಿದರು. ಭಟ್ಟರಿಗೆ 'ಷರೀಫ ಭಟ್ಟರು' ಎಂಬ ಅಡ್ಡಹೆಸರೇ ಬಿತ್ತು. ಗೋವಿಂದ ಭಟ್ಟರ ಬೆನ್ನಿಗೆ ಷರೀಫರು ನಡೆದ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಷರೀಫರ ಬೆನ್ನಿಗೆ ಒಬ್ಬ ಭಟ್ಟರು ನಡೆದದ್ದು ನಮ್ಮ ನಾಡಿನ ಭಾಗ್ಯವೇ ಸರಿ.

1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಷರೀಫ' ಚಿತ್ರ ಬಂತು. ಶ್ರೀಧರ್ ಷರೀಫರಾದರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದರು, ಸಂಗೀತ ಅಶ್ವಥರದ್ದು. ರಾಷ್ಟ್ರೀಯ ಭಾವೈಕ್ಯಕ್ಕೆ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಸಂದಿತು. 2005ರಲ್ಲಿ ಅರಮನೆ ಮೈದಾನದಲ್ಲಿ ಅಶ್ವಥರು ನಡೆಸಿದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಜನಸಾಗರವೇ ಸೇರಿತು. 2008ರಲ್ಲಿ ರಘು ದೀಕ್ಷಿತರು ಷರೀಫರ ಪದವನ್ನು ಗಿಟಾರಿಗೆ ಒಗ್ಗಿಸಿ ಕನ್ನಡ ತಿಳಿಯದವರಿಗೂ ಮುಟ್ಟಿಸಿದರು. ನ್ಯೂಪೋರ್ಟಿನಲ್ಲಿ ಎದ್ದಂಥ ಗದ್ದಲ ಇಲ್ಲಿ ಏಳಲಿಲ್ಲ.

ಪದ ಬದಲಾದ ಬಗೆ

ಷರೀಫರ ಪದ ಹಳ್ಳಿಯಲ್ಲಿ ಬದುಕಿದ ರೀತಿ ಬೇರೆ. ರಾತ್ರಿ ಭಜನೆಗೆ ಕುಳಿತ ಹತ್ತಾರು ಜನ, ಏಕತಾರಿ, ದಮ್ಮಡಿ, ತಾಳ, ಒಂದು ಹಾರ್ಮೋನಿಯಂ. ಒಬ್ಬ ಎತ್ತುತ್ತಾನೆ, ಉಳಿದವರು ಹಿಡಿಯುತ್ತಾರೆ. ಪದ ಮುಗಿದೊಡನೆ ಒಬ್ಬ ಅದರ ಒಡಪು ಬಿಡಿಸುತ್ತಾನೆ, ಇನ್ನೊಬ್ಬ ಎದುರು ಪ್ರಶ್ನೆ ಹಾಕುತ್ತಾನೆ, ಅದಕ್ಕೆ ಉತ್ತರವಾಗಿ ಮತ್ತೊಂದು ಪದ ಏಳುತ್ತದೆ. ಮಾಳಿಗೆ ಎಂದರೆ ದೇಹ, ಸೋರುವುದೆಂದರೆ ಅಜ್ಞಾನ ಎಂಬ ಚರ್ಚೆಯೇ ಅಲ್ಲಿ ಹಾಡಿನ ಅರ್ಧಭಾಗ. ಬೆಳಗಿನ ಜಾವದವರೆಗೆ ನಡೆಯುವ ಈ ಮಾತುಕತೆಯನ್ನು ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ತುಂಬಲಾಗದು. ಆದ್ದರಿಂದ ಪದ ಉಳಿಯಿತು, ಮಾತು ಹೋಯಿತು. ಐದು ನಿಮಿಷಕ್ಕೆ ಒಂದರಂತೆ ಪದಗಳು ಸಾಲಾಗಿ ನಿಂತವು. ಕೊಳಲು, ತಬಲ, ಕೀಬೋರ್ಡ್ ಸೇರಿದವು. ಧಾರವಾಡದ ಕಡೆಯ ಉಚ್ಚಾರ ಬೆಂಗಳೂರಿನ ನಾಲಗೆಗೆ ಹೊಂದಿಕೊಂಡಿತು.

ಇದನ್ನು ದೂರೆಂದು ನಾವು ಹೇಳುತ್ತಿಲ್ಲ. ಅಶ್ವಥರ ಏರುದನಿ ಇಲ್ಲದಿದ್ದರೆ ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಗಳ ಎಷ್ಟೋ ಮನೆಗಳಿಗೆ ಷರೀಫರು ಪಠ್ಯಪುಸ್ತಕದ ಒಂದು ಹೆಸರಾಗಿ ಮಾತ್ರ ಉಳಿಯುತ್ತಿದ್ದರು. ಬದಲಾಗದ ಹಾಡು ಬದುಕುವುದೂ ಇಲ್ಲ. ಗಮನಿಸಬೇಕಾದದ್ದು ಇನ್ನೊಂದಿದೆ. ಆರಿಸುವಾಗ ಏನನ್ನು ಆರಿಸಿಕೊಂಡೆವು?

ಷರೀಫರು ಮೊಹರಮ್ಮಿನ ರಿವಾಯತ್ ಪದಗಳನ್ನೂ ಕಟ್ಟಿದವರು. ಕರ್ಬಲಾದ ದುಃಖವನ್ನು ಅಚ್ಚ ಕನ್ನಡದಲ್ಲಿ ಹೇಳುವ ಈ ಪದಗಳನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಲಾವಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾ ಹಾಡುತ್ತಾರೆ. ಹಾಡುವವರಲ್ಲಿ ಕುರುಬರು, ಲಿಂಗಾಯತರು, ದಲಿತರು ಎಲ್ಲರೂ ಇದ್ದಾರೆ. ಒಂದೂ ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲಿಯೂ ಹಬ್ಬ ನಡೆಯುತ್ತದೆ. ಆದರೆ ಕ್ಯಾಸೆಟ್ಟಿನ ಷರೀಫರಲ್ಲಿ ಈ ರಿವಾಯತ್‌ಗಳಿಗೆ ಸಿಕ್ಕ ಜಾಗ ತೀರಾ ಕಡಿಮೆ. ಪಟ್ಟಣ ತನಗೆ ಬೇಕಾದ ಷರೀಫರನ್ನು ಕರೆದುಕೊಂಡು ಬಂತು. ಹಸೇನ್ ಹುಸೇನರಿಗಾಗಿ ಅತ್ತ ಷರೀಫರು ಊರಲ್ಲೇ ಉಳಿದರು.

ಇತ್ತ ನಮ್ಮವರಲ್ಲಿಯೂ ಅವರಿಗೆ ಪೂರ್ತಿ ಸ್ವಾಗತವಿರಲಿಲ್ಲ. ಉರ್ದು ಬಲ್ಲ ಹಿರಿಯರಿಗೆ ತಹಜೀಬ್ ಎಂದರೆ ಗಜಲ್, ನಾತ್, ಕವ್ವಾಲಿ. ಕನ್ನಡದ ತತ್ವಪದ ಅವರಿಗೆ ಹಳ್ಳಿಯವರ ಸಂಗತಿ. ಸುಧಾರಣೆಯ ಮಾತಾಡುವವರಿಗೆ ಅಲಾವಿಯ ಕುಣಿತ ದೀನಿಗೆ ಹೊರಗಿನದು. ಧಾರ್ಮಿಕ ಚರ್ಚೆಯನ್ನು ಬಲ್ಲವರು ನಡೆಸಲಿ. ಆದರೆ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ನೂರಾರು ವರ್ಷ ಕಾಪಾಡಿದವರ ಬಾಯಿಪಾಠ ಅವರ ಜೊತೆಗೇ ಗೋರಿಗೆ ಹೋದರೆ, ಈ ನಾಡಿನಲ್ಲಿ ನಮ್ಮ ಬೇರಿನ ಒಂದು ಸಾಕ್ಷಿಯೇ ಹೋದಂತೆ.

ಹಾಡಿಗೆ ಮನೆ ಸಿಕ್ಕಿತು

ಲೆಡ್‌ಬೆಲಿಯ ಬದುಕಿನ ಒಂದು ಘಟನೆ ಇಲ್ಲಿ ನೆನಪಾಗುತ್ತದೆ. 1937ರಲ್ಲಿ ಆತ ಹೆಂಡತಿಯೊಂದಿಗೆ ರಾಜಧಾನಿ ವಾಷಿಂಗ್ಟನ್ನಿಗೆ ಹೋದ. ಅಲನ್ ಲೋಮ್ಯಾಕ್ಸರೇ ಕರೆಸಿಕೊಂಡಿದ್ದರು. ಅವನ ಹಾಡನ್ನು ದೇಶದ ಗ್ರಂಥಭಂಡಾರದಲ್ಲಿ ಜೋಪಾನವಾಗಿ ಇಡುತ್ತಿದ್ದ ಆ ಊರಿನಲ್ಲಿ ಕಪ್ಪು ದಂಪತಿಗೆ ತಂಗಲು ಕೋಣೆ ಕೊಡುವವರು ಸಿಗಲಿಲ್ಲ. ಆ ಅವಮಾನವನ್ನೇ ಆತ 'ಬೂರ್ಜ್ವಾ ಬ್ಲೂಸ್' ಎಂಬ ಹಾಡಾಗಿ ಕಟ್ಟಿದ.

ಇದು ದೂರದ ಕಥೆ ಎನಿಸುತ್ತದೆಯೇ? ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಮುಸ್ಲಿಂ ಓದುಗರಿಗೆ ನಾವು ವಿವರಿಸಬೇಕಿಲ್ಲ. ಫೋನಿನಲ್ಲಿ ಖಾಲಿಯಿದ್ದ ಮನೆ ಹೆಸರು ಹೇಳಿದೊಡನೆ 'ನಿನ್ನೆಯಷ್ಟೇ ಕೊಟ್ಟುಬಿಟ್ಟೆವು' ಎಂದಾಗುತ್ತದೆ. ಪ್ರೀತಿಯಿಂದ ಮನೆ ಕೊಟ್ಟವರೂ ಹಳೆಯ ಬಡಾವಣೆಗಳಲ್ಲಿ ಇದ್ದಾರೆ, ಅವರನ್ನು ಮರೆಯುವುದು ನ್ಯಾಯವಲ್ಲ. ಆದರೂ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಷರೀಫರ ಪದಕ್ಕೆ ತಲೆದೂಗುವ ಬೀದಿಯಲ್ಲಿ ಷರೀಫ್ ಎಂಬ ಹೆಸರಿನ ಗುಮಾಸ್ತನೊಬ್ಬ ಹೆಂಡತಿ ಮಕ್ಕಳೊಂದಿಗೆ ಮನೆ ಕೇಳಿ ಬಂದರೆ ಬಾಗಿಲು ಎಷ್ಟು ತೆರೆಯುತ್ತದೆ? ಷರೀಫರ ಚಿತ್ರ ಭಾವೈಕ್ಯದ ಪ್ರಶಸ್ತಿ ಪಡೆದ ನಾಲ್ಕೇ ವರ್ಷಕ್ಕೆ, 1994ರ ಅಕ್ಟೋಬರಿನಲ್ಲಿ, ದೂರದರ್ಶನದ ಹತ್ತು ನಿಮಿಷದ ಉರ್ದು ವಾರ್ತೆಯ ನೆಪದಲ್ಲಿ ಇದೇ ಬೆಂಗಳೂರಿನಲ್ಲಿ ಗಲಭೆಯಾಗಿ ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ಹಾಡು ಮನಸ್ಸನ್ನು ಮೆತ್ತಗೆ ಮಾಡುತ್ತದೆ, ನಿಜ. ಆದರೆ ಹಾಡೊಂದೇ ಆ ಕೆಲಸವನ್ನು ಮಾಡಿ ಮುಗಿಸುತ್ತದೆ ಎಂದು ನಂಬಿ ಕೈಕಟ್ಟಿ ಕೂರುವುದು ಹಾಡಿನ ಮೇಲೆ ಹೊರೆ ಹೊರಿಸಿದಂತೆ.

ಅಮೆರಿಕದ ಅನುಭವವೂ ಇದನ್ನೇ ಹೇಳುತ್ತದೆ. ನಮ್ಮ ಉರ್ದು ಶಾಲೆಗಳ ಮಕ್ಕಳೂ ಹಿಂದಿಯಲ್ಲಿ ಹಾಡುವ 'ವಿ ಶಲ್ ಓವರ್‌ಕಮ್' ಕಪ್ಪು ಜನರ ಚರ್ಚುಗಳ ಹಾಡಿನಿಂದ ಬೆಳೆದದ್ದು. 1945ರಲ್ಲಿ ಚಾರ್ಲ್ಸ್‌ಟನ್ನಿನ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ಕೆಲಸಗಾರ ಹೆಣ್ಣುಮಕ್ಕಳು ಅದನ್ನು ಹಾಡಿದರು. ಅರವತ್ತರ ದಶಕದಲ್ಲಿ ಅದು ಸಮಾನ ಹಕ್ಕಿನ ಹೋರಾಟದ ಹಾಡಾಯಿತು. ಆ ಹಾಡಿನ ಹಿಂದೆ ಜನ ಬೀದಿಗಿಳಿದಿದ್ದರು, ಜೈಲಿಗೆ ಹೋಗಿದ್ದರು, ಕಾನೂನು ಬದಲಾಯಿಸಿದ್ದರು. ಹಾಡಿಗೆ ಬಲ ಬಂದದ್ದು ಅದರಿಂದ.

ಹೆಸರು ಬರೆದಿಡುವ ಕೆಲಸ

ಷರೀಫರು ತಮ್ಮ ಪದಗಳ ಕೊನೆಗೆ ತಮ್ಮ ಹೆಸರಿಡಲಿಲ್ಲ. ಶಿಶುನಾಳದ ಒಡೆಯನ ಹೆಸರನ್ನು ಅಂಕಿತವಾಗಿ ಇಟ್ಟರು. ಬೀಸುವ ಕಲ್ಲಿನ ಗರತಿಯರಂತೂ ಯಾವ ಗುರುತನ್ನೂ ಬಿಡಲಿಲ್ಲ. ಅದು ಅವರ ವಿನಯ. ಕೇಳಿದವರು ಅವರ ಹೆಸರನ್ನು ಮರೆತರೆ ಅದನ್ನು ವಿನಯ ಎನ್ನಲಾಗದು.

ಕೆಲವರು ಈ ಕೆಲಸವನ್ನು ಮಾಡಿ ತೋರಿಸಿದ್ದಾರೆ. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ಟೇಪ್ ರೆಕಾರ್ಡರ್ ಹಿಡಿದು ಹಾಡುಗಾರರ ಬಳಿಗೇ ಹೋದರು. 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ತಲೆಯೆತ್ತಿತು. ಕೃಷ್ಣಮೂರ್ತಿ ಹನೂರರು ಚಿತ್ರದುರ್ಗದ ಕಡೆಯ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಅವಳ ಹೆಸರಿನಲ್ಲಿಯೇ ಲೋಕಕ್ಕೆ ಕೊಟ್ಟರು. ರಹಮತ್ ತರೀಕೆರೆಯವರು ಸೂಫಿಗಳ, ಮೊಹರಮ್ಮಿನ ಹಾಡುಗಾರರ ಜಾಡು ಹಿಡಿದು ನಾಡು ಸುತ್ತಿದರು. ಮಹಾಲಿಂಗಪುರದ ಇಬ್ರಾಹಿಂ ಸುತಾರರು ಪದದ ಜೊತೆಗೆ ಪ್ರಶ್ನೋತ್ತರವನ್ನೂ ಉಳಿಸಿಕೊಂಡರು. ಕ್ಯಾಸೆಟ್ಟು ಕೈಬಿಟ್ಟ ಮಾತನ್ನು ಅವರ ಮೇಳ ಮತ್ತೆ ವೇದಿಕೆಗೆ ತಂದಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2022ರಲ್ಲಿ ಅವರೂ ಹೋದರು.

2014ರಲ್ಲಿ ಸಂಪಿಗೆ ರಸ್ತೆಗೆ ಮೆಟ್ರೊ ಬಂತು. ಕ್ಯಾಸೆಟ್ಟಿನ ಕಾಲ ಮುಗಿದು ಷರೀಫರು ಈಗ ಪ್ರಯಾಣಿಕರ ಮೊಬೈಲಿನಲ್ಲಿದ್ದಾರೆ. ಹಿಂದೆ ನಾಗೇಗೌಡರು ಹೊತ್ತು ತಿರುಗಿದ ಯಂತ್ರದ ಕೆಲಸವನ್ನು ಇಂದು ಪ್ರತಿಯೊಬ್ಬರ ಜೇಬಿನಲ್ಲಿರುವ ಫೋನೇ ಮಾಡಬಲ್ಲದು. ಈ ಮೊಹರಮ್ಮಿಗೆ ಊರಿಗೆ ಹೋಗುವವರು ರಿವಾಯತ್ ಹಾಡುವ ಮುದುಕರ ಪಕ್ಕ ಒಂದು ಗಂಟೆ ಕೂರಲಿ. ಪದವನ್ನು ಮುದ್ರಿಸಿಕೊಳ್ಳಲಿ, ಅದರ ಅರ್ಥವನ್ನು ಕೇಳಿಕೊಳ್ಳಲಿ. ಹಾಡಿದವರ ಹೆಸರು, ಊರು, ಯಾರಿಂದ ಕಲಿತರು ಎಂಬುದನ್ನು ಒಪ್ಪಿಗೆ ಪಡೆದು ಬರೆದಿಡಲಿ. ಮಲ್ಲೇಶ್ವರದಲ್ಲಿ ರಾಜ್ಯೋತ್ಸವಕ್ಕೆ ಷರೀಫರ ಪದ ಹಾಡಿಸುವ ಸಂಘದವರು ಒಂದು ವರ್ಷವಾದರೂ ಶಿಶುನಾಳದ ಕಡೆಯ ಭಜನಾ ಮೇಳವನ್ನೇ ಕರೆಸಲಿ, ಸಂಭಾವನೆ ಕೊಡಲಿ, ರಾತ್ರಿ ತಮ್ಮ ಮನೆಗಳಲ್ಲಿ ಉಳಿಸಿಕೊಳ್ಳಲಿ. ಹಾಡಿಗೆ ಮನೆ ಕೊಟ್ಟ ಬಡಾವಣೆ ಹಾಡುವವರಿಗೂ ಒಂದು ರಾತ್ರಿ ಚಾಪೆ ಹಾಸಿದರೆ ಷರೀಫ ಸಾಹೇಬರು ನಿಜವಾಗಿ ಸಂಪಿಗೆ ರಸ್ತೆಗೆ ಬಂದಂತೆ.