ರೇಖೆ ಹೇಳದ ಸತ್ಯ

ಹೊಟ್ಟೆಪಾಡಿಗಾಗಿ ಹೈದರಾಬಾದಿಗೆ ಬಂದು ನೆಲೆಸಿದ ನಾವು ಈ ಊರು ಕಲಿಸಿದ ಷೇರುಪೇಟೆಯ ಪಾಠವೊಂದನ್ನು ಮರೆಯುವಂತಿಲ್ಲ. 1987ರಲ್ಲಿ ಇಲ್ಲಿ ಚಿಕ್ಕದಾಗಿ ಹುಟ್ಟಿದ ಸತ್ಯಂ ಕಂಪ್ಯೂಟರ್ಸ್ ದೊಡ್ಡ ಕಂಪನಿಯಾಗಿ ಬೆಳೆಯಿತು. ಷೇರಿನ ಏರಿಳಿತದ ರೇಖಾಚಿತ್ರ ನೋಡಿದವರೂ ಲಾಭದ ಸುದ್ದಿ ಓದಿದವರೂ ನಂಬಿ ಹಣ ಹಾಕಿದರು. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಅವರೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಹಿಂದಿನ ದಿನ 179 ರೂಪಾಯಿಯಿದ್ದ ಷೇರು ಅಂದೇ 40ರ ಆಸುಪಾಸಿಗೆ ಕುಸಿಯಿತು.

ರೇಖೆ ತೋರಿಸುವುದು ಜನರ ನಂಬಿಕೆಯನ್ನು; ಸುದ್ದಿಯ ಮೂಲ ಕಂಪನಿಯ ಲೆಕ್ಕ. ಆ ಲೆಕ್ಕವೇ ಸುಳ್ಳಾದರೆ ಎರಡೂ ಒಂದೇ ಕೆಟ್ಟ ಬಾವಿಯ ನೀರು. ಆದ್ದರಿಂದ ಮಕ್ಕಳ ಓದಿಗೂ ಮದುವೆಗೂ ಕೂಡಿಟ್ಟ ಹಣವನ್ನು ಒಂದೇ ಷೇರಿಗೆ ಒಪ್ಪಿಸದಿರೋಣ.