ಬೆಟ್ಟವನ್ನು ತೂಗಿದವರು

ಬೆಟ್ಟವನ್ನು ಹಿಡಿಸುವ ತಕ್ಕಡಿ ಎಲ್ಲಿಯೂ ಇಲ್ಲ. ಆದರೂ ಬೆಟ್ಟವನ್ನು ತೂಗಿದವರಿದ್ದಾರೆ. ಕಾಗದದ ಮೇಲೆ, ಕೂಡುವ ಲೆಕ್ಕದಿಂದ. ಅಂಥ ಇಬ್ಬರ ಕಥೆಯನ್ನು ಇಲ್ಲಿ ಹೇಳಹೊರಟಿದ್ದೇನೆ. ಒಬ್ಬನ ಲೆಕ್ಕ ಹೊಂದಿತು, ಇನ್ನೊಬ್ಬನದು ಹೊಂದಲಿಲ್ಲ. ಹೊಂದದ ಲೆಕ್ಕವೇ ಹೆಚ್ಚು ಫಲ ಕೊಟ್ಟಿತೆಂದು ನನ್ನ ಅಭಿಪ್ರಾಯ.

ಉಪಾಯವೇನೋ ಸರಳವಾದದ್ದೇ. ವಸ್ತು ಎಲ್ಲೆಡೆಯೂ ಒಂದೇ ಸಮನಾಗಿದ್ದರೆ ಅದರ ಗಾತ್ರವನ್ನು ಸಾಂದ್ರತೆಯಿಂದ ಗುಣಿಸಿದರಾಯಿತು, ದ್ರವ್ಯರಾಶಿ ದೊರೆಯುತ್ತದೆ. ಒಂದು ಕಡೆ ಗಟ್ಟಿ, ಒಂದು ಕಡೆ ಹಗುರವಾಗಿದ್ದರೆ ಅದನ್ನು ಸಣ್ಣ ಸಣ್ಣ ಹೋಳುಗಳಾಗಿ ವಿಂಗಡಿಸಿ, ಒಂದೊಂದರ ರಾಶಿಯನ್ನೂ ಬೇರೆ ಬೇರೆ ಕಂಡು, ಎಲ್ಲವನ್ನೂ ಕೂಡಬೇಕು. ಹೋಳುಗಳು ಸಣ್ಣವಾದಷ್ಟೂ ಲೆಕ್ಕ ನಿಜಕ್ಕೆ ಹತ್ತಿರವಾಗುತ್ತದೆ. ಅವು ಎಣೆಯಿಲ್ಲದಷ್ಟು ಸಣ್ಣವಾದಾಗ ಆ ಕೂಡಿಕೆಗೇ ಅನುಕಲನವೆಂದು ಹೆಸರು. 1675ರಲ್ಲಿ ಲೈಬ್‌ನಿಟ್ಸನು ಅದಕ್ಕೊಂದು ಚಿಹ್ನೆ ಮಾಡಿದ: ‘ಮೊತ್ತ’ ಎಂಬರ್ಥದ ಲ್ಯಾಟಿನ್ ಶಬ್ದದ ಮೊದಲ ಅಕ್ಷರವನ್ನು ಉದ್ದಕ್ಕೆ ಎಳೆದು ಬರೆದದ್ದು. ವಿದ್ಯಾರ್ಥಿಗಳ ಎದೆ ನಡುಗಿಸುವ ಆ ಹಾವಿನಂಥ ಗೆರೆಯ ಅರ್ಥ ‘ಕೂಡು’ ಎಂದಷ್ಟೇ. ಕನ್ನಡ ಪಾಠ ಹೇಳುವ ನನಗೆ ಇದು ಬಹಳ ಹಿಡಿಸಿದ ಸಂಗತಿ.

ಇನ್ನು ಬೆಟ್ಟದ ವಿಷಯ. ಪ್ರತಿಯೊಂದು ರಾಶಿಯೂ ಇನ್ನೊಂದನ್ನು ಸೆಳೆಯುತ್ತದೆಯಷ್ಟೆ. ಹಾಗಾದರೆ ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಬೆಟ್ಟದ ಪಕ್ಕದಲ್ಲಿ ಇಳಿಬಿಟ್ಟರೆ ಅದು ನೆಟ್ಟಗೆ ನಿಲ್ಲದೆ ಬೆಟ್ಟದ ಕಡೆಗೆ ಕೂದಲೆಳೆಯಷ್ಟು ವಾಲಬೇಕು. 1774ರಲ್ಲಿ ಇಂಗ್ಲೆಂಡಿನ ರಾಜಜ್ಯೋತಿರ್ವಿದ ಮ್ಯಾಸ್ಕಲಿನನು ಸ್ಕಾಟ್ಲೆಂಡಿನ ಶಿಹೇಲಿಯನ್ ಎಂಬ ಬೆಟ್ಟದ ಉತ್ತರ ದಕ್ಷಿಣ ಮಗ್ಗುಲುಗಳಲ್ಲಿ ಕುಳಿತು, ನಕ್ಷತ್ರಗಳನ್ನು ನೋಡಿ ಈ ವಾಲನ್ನು ಅಳೆದ. ಎರಡು ಕಡೆಯದೂ ಸೇರಿ ಬಂದದ್ದು 11.6 ವಿಕಲೆ. ಒಂದು ಅಂಶದಲ್ಲಿ 3600 ವಿಕಲೆಗಳೆಂದರೆ ಅದೆಷ್ಟು ಸೂಕ್ಷ್ಮವೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

ಲೆಕ್ಕದ ಹೊರೆ ಬಿದ್ದದ್ದು ಚಾರ್ಲ್ಸ್ ಹಟನ್ನನ ಮೇಲೆ. ಹುಡುಗನಾಗಿದ್ದಾಗ ಕಲ್ಲಿದ್ದಲ ಗಣಿಯಲ್ಲಿ ದುಡಿದು, ಆಮೇಲೆ ಗಣಿತದ ಮೇಷ್ಟರಾದವನು. ಅವನು ಬೆಟ್ಟವನ್ನು ನೂರಾರು ಕಂಬಗಳಾಗಿ ವಿಂಗಡಿಸಿ, ಒಂದೊಂದರ ಎತ್ತರ, ದೂರ, ಸೆಳೆತಗಳನ್ನು ಕೂಡಿದ. ಸಮಾನ ಎತ್ತರದ ತಾಣಗಳನ್ನು ಗೆರೆಯಿಂದ ಸೇರಿಸುವ ಉಪಾಯ ಅವನ ನೆರವಿಗೆ ಬಂತು. ಇಂದು ಭೂಪಟಗಳಲ್ಲಿ ಕಾಣುವ ಸಮೋನ್ನತಿ ರೇಖೆಗಳು ಅವೇ. 1778ರಲ್ಲಿ ಉತ್ತರ ಹೊರಬಂತು: ಭೂಮಿಯ ಸರಾಸರಿ ಸಾಂದ್ರತೆ ಬೆಟ್ಟದ್ದರ 1.8ರಷ್ಟು, ಬೆಟ್ಟದ ಕಲ್ಲು ನೀರಿನ ಎರಡೂವರೆಯಷ್ಟೆಂದು ಹಿಡಿದರೆ ಭೂಮಿ ನೀರಿನ ನಾಲ್ಕೂವರೆಯಷ್ಟು. ಈಗ ತಿಳಿದಿರುವುದು 5.5. ಅಂತೂ ಭೂಗರ್ಭ ಟೊಳ್ಳಲ್ಲ, ಮೇಲಿನ ಕಲ್ಲಿಗಿಂತ ಒಳಗಿನದು ಬಲು ಭಾರ ಎಂದಾಯಿತು.

ಇದೇ ಲೆಕ್ಕ ನಮ್ಮ ದೇಶಕ್ಕೂ ಬಂತು. 1800ರಲ್ಲಿ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ಸರಪಳಿ ಹಿಡಿದು ಆಧಾರರೇಖೆಯನ್ನು ಅಳೆದ. ಆಮೇಲೆ ತ್ರಿಕೋನಗಳ ಮೇಲೆ ತ್ರಿಕೋನ ಜೋಡಿಸಿಕೊಂಡು ಹೊರಟ ಆ ಮೋಜಣಿ, ಎವರೆಸ್ಟನ ಕಾಲಕ್ಕೆ ಹಿಮಾಲಯದ ಬುಡದವರೆಗೂ ಹೋಯಿತು. ಮಧ್ಯಭಾರತದ ಕಲ್ಯಾಣಪುರಕ್ಕೂ ಮುಜಫ್ಫರನಗರದ ಬಳಿಯ ಕಲಿಯಾನಾಕ್ಕೂ ಇರುವ ಅಂತರವನ್ನು ಎರಡು ಬಗೆಯಲ್ಲಿ ಕಂಡರು: ನೆಲ ಅಳೆದು ಒಂದು, ನಕ್ಷತ್ರ ನೋಡಿ ಒಂದು. ಎರಡಕ್ಕೂ 5.236 ವಿಕಲೆಗಳ ವ್ಯತ್ಯಾಸ. ನೆಲದ ಮೇಲೆ ಸುಮಾರು 160 ಮೀಟರು. 600 ಕಿಲೋಮೀಟರಿನಲ್ಲಿ ಅಷ್ಟು ಹೋದರೆ ಏನಂತೆ ಎಂದು ನಾವು ಕೇಳಿಯೇವು. ಆದರೆ ಇಡೀ ಭಾರತದ ನಕ್ಷೆ ಆ ತ್ರಿಕೋನಗಳ ಮೇಲೆಯೇ ನಿಂತಿತ್ತು.

ಹಿಮಾಲಯವೇ ಗುಂಡನ್ನು ಸೆಳೆದಿರಬೇಕೆಂದು ತರ್ಕಿಸಿದವನು ಕಲ್ಕತ್ತೆಯ ಪಾದ್ರಿ ಜಾನ್ ಹೆನ್ರಿ ಪ್ರಾಟ್. ಕೇಂಬ್ರಿಜ್ಜಿನಲ್ಲಿ ಗಣಿತ ಓದಿದ್ದ ಆತ ಹಟನ್ನನಂತೆಯೇ ಹಿಮಾಲಯವನ್ನೂ ಅದರಾಚೆಯ ಟಿಬೆಟ್ಟನ್ನೂ ಹೋಳುಮಾಡಿದ. ಅದರಲ್ಲೊಂದು ಜಾಣತನವಿತ್ತು: ಹೋಳುಗಳ ಅಳತೆಯನ್ನು ಎಷ್ಟು ಹೊಂದಿಸಿದ್ದನೆಂದರೆ ಪ್ರತಿಯೊಂದರ ಸೆಳೆತವೂ ಅದರ ಸರಾಸರಿ ಎತ್ತರವೊಂದನ್ನೇ ಅವಲಂಬಿಸುತ್ತಿತ್ತು. ಕೂಡಿ ನೋಡಿದರೆ 15.885 ವಿಕಲೆ! ಇರಬೇಕಾದ್ದು ಐದು, ಬಂದದ್ದು ಹದಿನೈದಕ್ಕೂ ಮೇಲೆ. ಪರ್ವತವನ್ನು ಎಷ್ಟು ತಗ್ಗಿಸಿ ನೋಡಿದರೂ ಲೆಕ್ಕ ಇಳಿಯಲೊಲ್ಲದು. 1855ರಲ್ಲಿ ಆತ ಅದನ್ನು ಹಾಗೆಯೇ, ಮುಚ್ಚುಮರೆಯಿಲ್ಲದೆ, ಪ್ರಕಟಿಸಿದ. ಉತ್ತರವನ್ನು ಮೊದಲೇ ನೋಡಿಕೊಂಡು ಲೆಕ್ಕ ತಿದ್ದುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಆತ ಆ ಜಾತಿಯವನಲ್ಲ.

ಕೂಡಿದ್ದರಲ್ಲಿ ತಪ್ಪಿರಲಿಲ್ಲ. ಕೂಡಿದ್ದು ಕಣ್ಣಿಗೆ ಕಾಣುವ, ಸಮುದ್ರಮಟ್ಟಕ್ಕಿಂತ ಮೇಲಿನ ಪರ್ವತವನ್ನು ಮಾತ್ರ. ಅದೇ ವರ್ಷ ರಾಜಜ್ಯೋತಿರ್ವಿದನಾಗಿದ್ದ ಏರಿಯು ಹೇಳಿದ ಮಾತು ಇದು: ಭೂಮಿಯ ಹೊರಪದರ ತನಗಿಂತ ಭಾರವಾದ ದ್ರವದ ಮೇಲೆ ತೇಲುತ್ತಿದೆ, ನೀರಿನಲ್ಲಿ ತೇಲುವ ಮರದ ದಿಮ್ಮಿಗಳಲ್ಲಿ ಮೇಲಕ್ಕೆ ಹೆಚ್ಚು ಎದ್ದು ಕಾಣುವುದು ಕೆಳಗೂ ಹೆಚ್ಚು ಮುಳುಗಿರುತ್ತದಷ್ಟೆ, ಪರ್ವತವೂ ಹಾಗೆ. ಅದರ ಬುಡದಲ್ಲಿ ಭಾರದ ವಸ್ತುವಿರಬೇಕಾದ ಎಡೆಯಲ್ಲಿ ಹಗುರ ಕಲ್ಲಿನ ಬೇರು ಇಳಿದಿದೆ. ಮೇಲೆ ಕೂಡಿದ್ದನ್ನು ಕೆಳಗೆ ಅಷ್ಟರಮಟ್ಟಿಗೆ ಕಳೆಯಬೇಕು.

ಪ್ರಾಟ್ ಇದಕ್ಕೆ ಒಪ್ಪಲಿಲ್ಲ. ಬೇರೂ ಇಲ್ಲ, ಗೀರೂ ಇಲ್ಲ. ಪರ್ವತದ ಕೆಳಗಿನ ಕಲ್ಲು ಹಿಗ್ಗಿ ಹಗುರಾದುದರಿಂದಲೇ ನೆಲ ಉಬ್ಬಿದೆ, ಹುದುಗು ಬಂದ ಹಿಟ್ಟಿನಂತೆ, ಎಂಬುದು ಆತನ ವಾದ. 1871ರಲ್ಲಿ ಗಾಜೀಪುರದಲ್ಲಿ ಆತ ತೀರಿಕೊಂಡಾಗಲೂ ಈ ಜಗಳ ಬಗೆಹರಿದಿರಲಿಲ್ಲ. ಮುಂದೆ ಭೂಕಂಪದ ಅಲೆಗಳನ್ನು ಹಿಡಿದು ಒಳಗನ್ನು ನೋಡಲು ಬಂದ ಮೇಲೆ ಸಂಗತಿ ತಿಳಿಯಿತು. ಏರಿ ಹೇಳಿದಂತೆ ಕೆಳಗಿರುವುದು ದ್ರವವಲ್ಲ, ಬಹಳ ನಿಧಾನವಾಗಿ ಹರಿಯುವ ಘನ ಶಿಲೆ. ಆದರೆ ಬೇರು ನಿಜ: ಬೇರೆಡೆ 35–40 ಕಿಲೋಮೀಟರು ದಪ್ಪವಿರುವ ಹೊರಪದರ ಟಿಬೆಟ್ಟಿನ ಕೆಳಗೆ 70 ಕಿಲೋಮೀಟರಿನಷ್ಟಿದೆ. ಪ್ರಾಟನ ಹುದುಗು ಹಿಟ್ಟಿಗೂ ಜಾಗ ಸಿಕ್ಕಿತು, ಹಿಮಾಲಯದಲ್ಲಲ್ಲ. ಮಹಾಸಾಗರಗಳ ನಡುವೆ ನೀರಿನಡಿ ಹಬ್ಬಿರುವ ಬಿಸಿ ಪರ್ವತಸಾಲುಗಳಲ್ಲಿ.